ತೇರಿನ ಪಟ ಮತ್ತು ಕ್ಯಾಮೆರಾದ ತಲೆಮಾರುಗಳು

ಕೊಟ್ಟೂರಿನಲ್ಲಿ ಶ್ರೀ ಗುರು ಕೊಟ್ಟೂರೇಶ್ವರರ ತೇರು ಸಾಗುವುದು ಇಳಿಹೊತ್ತಿನಲ್ಲಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವುದೂ ಸಂಜೆಯಲ್ಲಿಯೇ. ಆ ಮಸುಕು ಬೆಳಕಿನಲ್ಲಿ, ಜನಸಾಗರದ ನಡುವೆ ನಿಂತು ಪಟ ತೆಗೆಯುವವನ ಕಷ್ಟ ಅವನಿಗೇ ಗೊತ್ತು.

ಹಗರಿಬೊಮ್ಮನಹಳ್ಳಿ ಕಡೆಯ ತರುಣ ಛಾಯಾಗ್ರಾಹಕನೊಬ್ಬನು ಈಚೆಗೆ ನಮ್ಮಲ್ಲಿಗೆ ಬಂದು, "ಅಜ್ಜಾರ, ಸಾಲ ಮಾಡಿ ಹೊಸ ಕ್ಯಾಮೆರಾ ತರಬೇಕಂತೀನ್ರಿ, ಹೆಂಗ್ರಿ?" ಎಂದು ಕೇಳಿದನು. ಅವನಲ್ಲಿದ್ದುದು ಕ್ಯಾನನ್ ಕಂಪನಿಯ 5ಡಿ ಮಾಲಿಕೆಯ ಎರಡನೆಯ ತಲೆಮಾರು. ಉತ್ತರ ಹೇಳುವ ಮುನ್ನ ನಾವು ವಿಷಯವನ್ನು ವಿಚಾರಿಸಿ ನೋಡಿದೆವು.

2005ರ ಮೊದಲ 5ಡಿಯಲ್ಲಿ 12.8 ಮೆಗಾಪಿಕ್ಸೆಲ್, ಅಂದರೆ 128 ಲಕ್ಷ ಚಿತ್ರಬಿಂದುಗಳು. 2008ರ ಮಾರ್ಕ್ 2ರಲ್ಲಿ 21.1, 2012ರ ಮಾರ್ಕ್ 3ರಲ್ಲಿ 22.3, 2016ರ ಮಾರ್ಕ್ 4ರಲ್ಲಿ 30.4. ಅಂಗಡಿಯಲ್ಲಿ ಮೊದಲು ಕೇಳಿಬರುವುದು ಈ ಅಂಕಿಯೇ. ಆದರೆ ಗೋಡೆಗೆ ತೂಗುಹಾಕುವ 12 ಅಂಗುಲ ಉದ್ದ, 8 ಅಂಗುಲ ಅಗಲದ ಪಟಕ್ಕೆ ಮೊದಲನೆಯದೇ ಧಾರಾಳವಾಗಿ ಸಾಕು.

ನಿಜವಾದ ಭೇದವಿರುವುದು ಬೆಳಕಿನ ವಿಷಯದಲ್ಲಿ. ಮಂದ ಬೆಳಕಿನಲ್ಲಿ ಚಿತ್ರ ಹಿಡಿಯುವ ಶಕ್ತಿಯನ್ನು ಐಎಸ್‌ಒ ಎಂಬ ಅಂಕಿ ಸೂಚಿಸುತ್ತದೆ. ಅಂಕಿ ಇಮ್ಮಡಿಯಾದರೆ ಅರ್ಧ ಬೆಳಕೇ ಸಾಕು. ಅದರ ಸಾಮಾನ್ಯ ಮಿತಿ ಮೊದಲನೆಯದರಲ್ಲಿ 1600, ಎರಡನೆಯದರಲ್ಲಿ 6400, ಮೂರನೆಯದರಲ್ಲಿ 25600, ನಾಲ್ಕನೆಯದರಲ್ಲಿ 32000. ಮಿತಿಯ ಸಮೀಪಕ್ಕೆ ಹೋದಂತೆ ಚಿತ್ರ ಕಾಳುಕಾಳಾಗುವುದು ನಿಜ. ಇನ್ನು ಫೋಕಸ್ ಬಿಂದುಗಳು ಎರಡನೆಯದರಲ್ಲಿ 9 ಇದ್ದರೆ ಮೂರನೆಯದರಲ್ಲಿ 61. ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದರೂ, ಸಂಜೆಯ ತೇರಿನ ಮಟ್ಟಿಗೆ ದೊಡ್ಡ ಹೆಜ್ಜೆ ಇದೇ. 2020ರಲ್ಲಿ ಬಂದ, ಕನ್ನಡಿಯಿಲ್ಲದ ಆರ್5ರಲ್ಲಿ 45 ಮೆಗಾಪಿಕ್ಸೆಲ್ ಉಂಟು. ಆದರೆ ಹಳೆಯ ಲೆನ್ಸುಗಳನ್ನು ಜೋಡಿಸಲು ಅದಕ್ಕೆ ಅಡಾಪ್ಟರ್ ಬೇಕು.

ಆದುದರಿಂದ ನಾವು ಅವನಿಗೆ ಹೇಳಿದ್ದಿಷ್ಟು: "ತಮ್ಮಾ, ಕೂಡ್ಲಿಗಿ, ಹರಪನಹಳ್ಳಿಗಳ ಹಗಲು ಮದುವೆಗೆ ನಿನ್ನದು ಸಾಕು. ಜಾತ್ರೆಗೆ ಬೇಕೆಂದರೆ ಯಾರಾದರೂ ಬಳಸಿದ ಮಾರ್ಕ್ 3 ಹುಡುಕು. ನಿನ್ನ ಲೆನ್ಸುಗಳು ಅದಕ್ಕೇ ಹೊಂದುತ್ತವೆ. ಕಾಯಕಕ್ಕೆ ಬೇಕಾದುದನ್ನು ಕೊಳ್ಳು, ಅಂಕಿಗೆ ಮರುಳಾಗಿ ಸಾಲ ಹೊರಬೇಡ."

2017ರ ಜಾತ್ರೆಯಲ್ಲಿ ಕೊಟ್ಟೂರಿನ ತೇರು ಉರುಳಿದುದನ್ನು ನಮ್ಮ ಸೀಮೆಯವರು ಮರೆತಿಲ್ಲ. ಅದಕ್ಕೆ ಮೊದಲು ತೆಗೆದ ಪಟಗಳ ಬೆಲೆ ನಮಗೆ ತಿಳಿದುದು ಆಗಲೇ. ಕ್ಯಾಮೆರಾ ಯಾವ ತಲೆಮಾರಿನದಾದರೂ ಆಗಲಿ, ಮನೆಯ ಹಿರಿಯರ, ಊರಿನ ತೇರಿನ ಚಿತ್ರಗಳನ್ನು ಎರಡು ಕಡೆ ಪ್ರತಿ ಮಾಡಿ ಇಡಿರಿ. ಒಂದೆರಡನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಮೊಮ್ಮಕ್ಕಳ ಕೈಗೆ ಸೇರಬೇಕಾದುದು ಅದೇ.