‘ಆಪ್ತಮಿತ್ರ’ದ ನಾಗವಲ್ಲಿಯ ಹಿಂದೆ ಯಾರೆಲ್ಲ ಇದ್ದಾರೆ?

ಸಂಘದ ಚಿತ್ರಪ್ರದರ್ಶನಕ್ಕೆ ಯಾವ ಸಿನಿಮಾ ಆಗಬಹುದೆಂದು ಕೇಳಿದಾಗ ಹೆಚ್ಚಿನವರು ‘ಆಪ್ತಮಿತ್ರ’ ಎಂದಿದ್ದೀರಿ. ಕಾಸರಗೋಡಿನವರು “ನಾವು ಮೊದಲೇ ಮಲಯಾಳದಲ್ಲಿ ನೋಡಿದ್ದೇವೆ” ಎನ್ನುತ್ತಾರೆ. ಹೊಸೂರು, ತಾಳವಾಡಿಯವರಿಗೆ ‘ಚಂದ್ರಮುಖಿ’ ಗೊತ್ತು. ಗಡಿ ದಾಟಿದಲ್ಲೆಲ್ಲ ಭಾಷೆ ಬದಲಿಸಿದ ದೆವ್ವ ಇದು.

ಮೂಲ ಚಿತ್ರ 1993ರ ‘ಮಣಿಚಿತ್ರತ್ತಾಳ್’. ಕಥೆ ಮಧು ಮುಟ್ಟಂ, ನಿರ್ದೇಶನ ಫಾಸಿಲ್. ಆಲಪ್ಪುಳ ಜಿಲ್ಲೆಯ ಮುಟ್ಟಂನ ಹಳೆಯ ತರವಾಡು ಮನೆಯೊಂದರಲ್ಲಿ ನಡೆದ ದುರಂತವೇ ಇದಕ್ಕೆ ಪ್ರೇರಣೆ ಎನ್ನುತ್ತಾರೆ. ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್–ಲಾಲ್ ಅವರಂಥ ಹೆಸರಾಂತ ನಿರ್ದೇಶಕರು ಎರಡನೇ ತಂಡವಾಗಿ ದುಡಿದರು. ಅಷ್ಟೇ ಅಲ್ಲ, ನಾಗವಲ್ಲಿಯ ಪ್ರಿಯಕರನಾಗಿ ಅಲ್ಲಿ ಕುಣಿದವರು ನಮ್ಮ ‘ಅಮೃತ ಘಳಿಗೆ’ಯ ಶ್ರೀಧರ್! ಕನ್ನಡದ ರೀಮೇಕಿಗೆ ಹನ್ನೊಂದು ವರ್ಷ ಮೊದಲೇ ಕನ್ನಡಿಗರೊಬ್ಬರು ಆ ಬಂಗಲೆ ಹೊಕ್ಕಿದ್ದರು.

ಮೈಯೇರಿದಾಗ ಗಂಗಾ ಆಡುವ ಮಾತು ಪಕ್ಕದ ರಾಜ್ಯದ್ದು, ಹೆದರಿಕೆಯ ಗುಟ್ಟೇ ಅದು. ಮಲಯಾಳದಲ್ಲಿ ನಾಗವಲ್ಲಿ ತಮಿಳು ಆಡುತ್ತಾಳೆ, ಕನ್ನಡದಲ್ಲಿ ತೆಲುಗು, ತಮಿಳಿನ ‘ಚಂದ್ರಮುಖಿ’ಯಲ್ಲೂ ತೆಲುಗು, ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ. ದಿನಾ ಎರಡು–ಮೂರು ಭಾಷೆ ಆಡುವ ನಮಗೆ ಇದರಲ್ಲಿ ಹೆದರುವಂಥದ್ದೇನಿದೆ ಎಂದು ನಗು ಬರಬಹುದು!

ಆ ದನಿಯ ಹಿಂದೊಂದು ಬೇಸರದ ಸಂಗತಿಯಿದೆ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಅದು ನ್ಯಾಯವೇ. ಗಂಗಾಳ ಮಲಯಾಳ ಮಾತಿಗೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ. ನಾಗವಲ್ಲಿಯ ತಮಿಳೂ ಅವರದೇ ಎಂದು ಜನ ವರ್ಷಗಟ್ಟಲೆ ನಂಬಿದ್ದರು. ಅದು ತಮಿಳು ಕಂಠದಾನ ಕಲಾವಿದೆ ದುರ್ಗಾ ಅವರದೆಂದು ಫಾಸಿಲ್ ತಿಳಿಸಿದ್ದು ಎರಡು ದಶಕಗಳಿಗೂ ಹೆಚ್ಚು ಕಾಲದ ಮೇಲೆ. ಇಡೀ ಕೇರಳವನ್ನು ನಡುಗಿಸಿದ ದನಿಗೆ ಅಷ್ಟು ಕಾಲ ಹೆಸರೇ ಇರಲಿಲ್ಲ.

ಕನ್ನಡಕ್ಕೆ ತಂದವರು ಹುಣಸೂರಿನ ದ್ವಾರಕೀಶ್. ದೂರವಾಗಿದ್ದ ಗೆಳೆಯ ವಿಷ್ಣುವರ್ಧನ್ ಜೊತೆ ಮತ್ತೆ ಕೈಜೋಡಿಸಿ ಮಾಡಿದ ನಿರ್ಮಾಣ, ಹಾಗಾಗಿ ಹೆಸರೂ ಚೆನ್ನಾಗಿ ಒಪ್ಪಿತು. ನಿರ್ದೇಶಕ ಪಿ. ವಾಸು ತಮಿಳಿನವರು. ನಮ್ಮ ‘ಅನುರಾಗ ಅರಳಿತು’ ಚಿತ್ರವನ್ನು ರಜನಿಕಾಂತ್‌ಗಾಗಿ ‘ಮನ್ನನ್’ ಮಾಡಿದ್ದೂ ಇವರೇ. ಸಂಗೀತ ಮಂಗಳೂರಿನ ಗುರುಕಿರಣ್ ಅವರದು. ರಮೇಶ್ ಅರವಿಂದ್, ಪ್ರೇಮಾ, ಆಚಾರ್ಯರ ಪಾತ್ರದ ಅವಿನಾಶ್ ನಿಮಗೆ ಗೊತ್ತಿರುವವರೇ.

ಗಂಗಾ ಆಗಿದ್ದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು, ತೆಲುಗಿನಲ್ಲಿ ದೊಡ್ಡ ತಾರೆ. ಗಡಿನಾಡಿನ ಹೆಣ್ಣುಮಗಳೇ ಕನ್ನಡದ ಗಂಗಾ ಆಗಿ, ತೆಲುಗಿನ ನಾಗವಲ್ಲಿಯೂ ಆದದ್ದು ಎಷ್ಟು ಸಹಜವಾಗಿ ಕೂತಿದೆ ನೋಡಿ. ಆದರೆ ಚಿತ್ರವನ್ನು ತೆರೆಯ ಮೇಲೆ ನೋಡಲು ಅವರು ಉಳಿಯಲಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರಲ್ಲಿ ಬರುವ ಹೊತ್ತಿಗೆ ವಿಷ್ಣುವರ್ಧನ್ ಕೂಡ ಇರಲಿಲ್ಲ.

ಪ್ರದರ್ಶನದ ದಿನ ಸ್ವಲ್ಪ ಮುಂಚೆಯೇ ಬನ್ನಿ. ಹೆಸರುಗಳು ಬರುವಾಗ ಕಾಫಿಗೆ ಎದ್ದು ಹೋಗುವ ರೂಢಿ ನಮ್ಮಲ್ಲಿದೆ, ಈ ಸಲ ಕಾಫಿ ಮಧ್ಯಂತರಕ್ಕೇ ಇಟ್ಟಿದ್ದೇವೆ.