ಮೋಹ ಕೇಳುವ ಬೆಲೆ

ಪ್ರೀತಿ ಮತ್ತು ಮೋಹ ಎರಡೂ ಆರಂಭದಲ್ಲಿ ಒಂದೇ ಮಾತನ್ನಾಡುತ್ತವೆ. ಅವುಗಳ ಭೇದವು ತಿಳಿದುಬರುವುದು ಕೊಡುವ ಗಳಿಗೆಯಲ್ಲಿ. ಪ್ರೀತಿಯು ತನ್ನದನ್ನು ಕೊಡುತ್ತದೆ; ಮೋಹವಾದರೋ ತನ್ನದಲ್ಲದ್ದನ್ನೂ ಕೊಟ್ಟುಬಿಡುತ್ತದೆ. ಈ ಸತ್ಯವನ್ನು ಇಟಲಿಯ ನಿರ್ದೇಶಕ ಲುಕಿನೊ ವಿಸ್ಕೊಂಟಿಯವರ ‘ಸೆನ್ಸೊ’ (1954) ಚಿತ್ರದಷ್ಟು ನಿಷ್ಠುರವಾಗಿ ತೋರಿಸಿದ ಕೃತಿಗಳು ವಿರಳವೆಂದೇ ನಮ್ಮ ಭಾವನೆ. ಹತ್ತೊಂಬತ್ತನೆಯ ಶತಮಾನದ ಲೇಖಕ ಕಮಿಲ್ಲೊ ಬೊಯಿತೊ ಅವರ ನೀಳ್ಗತೆಯೊಂದು ಈ ಚಿತ್ರಕ್ಕೆ ಆಧಾರ.

ಕಥೆ ನಡೆಯುವುದು 1866ರಲ್ಲಿ. ವೆನಿಸ್ ನಗರವು ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಲಾ ಫೆನಿಚೆ ರಂಗಮಂದಿರದಲ್ಲಿ ವೆರ್ದಿಯ ಗೀತನಾಟಕ ನಡೆಯುತ್ತಿರುವಾಗ ದೇಶಭಕ್ತರು ಮೇಲಂತಸ್ತಿನಿಂದ ಕರಪತ್ರಗಳನ್ನು ಎಸೆಯುತ್ತಾರೆ. ಅವರ ಮುಂದಾಳುಗಳಲ್ಲಿ ಒಬ್ಬನಾದ ಉಸ್ಸೋನಿಯು ಆಸ್ಟ್ರಿಯಾದ ಲೆಫ್ಟಿನೆಂಟ್ ಫ್ರಾಂಜ್ ಮಾಹ್ಲರನನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಉಸ್ಸೋನಿಯ ಸೋದರಸಂಬಂಧಿಯೂ ವಿವಾಹಿತೆಯೂ ಆದ ಕೌಂಟೆಸ್ ಲಿವಿಯಾ ಅವನ ಪ್ರಾಣವನ್ನು ಉಳಿಸಲೆಂದೇ ಫ್ರಾಂಜನನ್ನು ಮಾತನಾಡಿಸುತ್ತಾಳೆ. ಸದುದ್ದೇಶಕ್ಕೆಂದು ತೆರೆದ ಆ ಬಾಗಿಲಿನಿಂದಲೇ ಮೋಹವು ಒಳನುಗ್ಗುತ್ತದೆ.

ಮುಂದೆ ಸ್ವಾತಂತ್ರ್ಯ ಹೋರಾಟಕ್ಕಾಗಿ ಸಂಗ್ರಹಿಸಿದ ಹಣವನ್ನು ಉಸ್ಸೋನಿಯು ನಂಬಿಕೆಯಿಂದ ಲಿವಿಯಾಳ ವಶಕ್ಕೆ ಒಪ್ಪಿಸುತ್ತಾನೆ. ಅವಳು ಅದನ್ನು ಫ್ರಾಂಜನ ಕೈಗಿಡುತ್ತಾಳೆ. ಅವನು ವೈದ್ಯರಿಗೆ ಲಂಚವಿತ್ತು, ರೋಗದ ನೆಪದಲ್ಲಿ ಸೇನೆಯಿಂದ ಬಿಡುಗಡೆ ಪಡೆಯುತ್ತಾನೆ. ಕುಸ್ತೋಜಾ ರಣರಂಗದಲ್ಲಿ ಇಟಲಿಯ ಪಡೆಗಳು ಸೋಲುತ್ತವೆ. ಸೋಲಿಗೆ ಆ ಹಣವೇ ಕಾರಣವೆಂದು ನಾವು ಹೇಳಲಾರೆವು. ಆದರೆ ಹೋರಾಡುವವರಿಗೆ ಸಲ್ಲಬೇಕಾದುದು ಹೋರಾಟದಿಂದ ತಪ್ಪಿಸಿಕೊಂಡವನಿಗೆ ಸಂದಿತೆಂಬುದು ನಿಜ.

ವೆರೋನಾಕ್ಕೆ ಧಾವಿಸಿದ ಲಿವಿಯಾ, ಕುಡಿದು ಬೇರೊಬ್ಬಳೊಡನಿರುವ ಫ್ರಾಂಜನನ್ನು ಕಾಣುತ್ತಾಳೆ. ಅವಮಾನಿತಳಾಗಿ, ಅವನು ಬರೆದಿದ್ದ ಪತ್ರವನ್ನೇ ಸೇನಾಧಿಕಾರಿಯ ಮುಂದಿಡುತ್ತಾಳೆ. ಫ್ರಾಂಜನನ್ನು ಗುಂಡಿಕ್ಕಿ ಕೊಲ್ಲಲಾಗುತ್ತದೆ. ಲಿವಿಯಾ ಅವನ ಹೆಸರನ್ನೇ ಕೂಗುತ್ತಾ ಕತ್ತಲ ಬೀದಿಗಳಲ್ಲಿ ಅಲೆಯುತ್ತಾಳೆ.

ಇಲ್ಲಿ ನಾವು ಸೂಕ್ಷ್ಮವಾಗಿ ವಿಚಾರಿಸಬೇಕು. ಅವಳು ಕೊಟ್ಟ ದೂರು ಸುಳ್ಳಲ್ಲ. ಕಾನೂನಿಗೆ ವಿರುದ್ಧವೂ ಅಲ್ಲ. ಆದರೂ ದೂರನ್ನು ಸ್ವೀಕರಿಸಿದ ಅಧಿಕಾರಿಯೇ ಅವಳ ಬಗ್ಗೆ ಹೇಸುತ್ತಾನೆ. ಏಕೆ? ಸತ್ಯವು ಅವಳ ಕೈಯಲ್ಲಿ ಸೇಡಿನ ಆಯುಧವಾಗಿತ್ತು. ಮತ್ತೊಬ್ಬರ ಹಿತವನ್ನು ಅವರಿಗಾಗಿಯೇ ಬಯಸುವುದು ಪ್ರೀತಿಯೆಂದು ಅರಿಸ್ಟಾಟಲ್ ವಿವರಿಸಿದ್ದಾನೆ. ಲಿವಿಯಾ ಬಯಸಿದ್ದು ಫ್ರಾಂಜನ ಹಿತವನ್ನಲ್ಲ, ಅವನನ್ನು. ಆದ್ದರಿಂದ ಅವನು ತನ್ನವನಾಗಲಾರನೆಂದು ತಿಳಿದೊಡನೆ ಅವನು ಬದುಕಿರುವುದೇ ಅವಳಿಗೆ ಅಸಹನೀಯವಾಯಿತು. ಹಣ ಕೊಟ್ಟ ಕೈಯೂ ಪತ್ರ ಕೊಟ್ಟ ಕೈಯೂ ಒಂದೇ. ಎರಡು ಬಾರಿಯೂ ಅದನ್ನು ನಡೆಸಿದ್ದು ಅದೇ ಮೋಹ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ವೆನಿಸ್ ಇಟಲಿಯನ್ನು ಸೇರಿತು. ನಗರಕ್ಕೆ ದೊರೆತ ಬಿಡುಗಡೆ ಲಿವಿಯಾಳಂಥವರಿಗೆ ಅಷ್ಟು ಸುಲಭವಾಗಿ ದೊರೆಯದು. ಪ್ರಿಯ ವಾಚಕರೇ, ಯಾರನ್ನಾದರೂ ಪ್ರೀತಿಸುತ್ತೇವೆಂದು ಹೇಳುವಾಗ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ಅವರು ನಮ್ಮವರಾಗದೆ ಹೋದರೂ ಅವರಿಗೆ ಒಳ್ಳೆಯದಾಗಲಿ ಎನ್ನಬಲ್ಲೆವೆ?