ಸ್ಟಾರ್ಟ್ ಬಟನ್ ಎಲ್ಲಿಗೆ ಹೋಯಿತು?

ಸಾಸಿವೆ ಡಬ್ಬಿ ಎಷ್ಟನೆಯ ಸಾಲಿನಲ್ಲಿದೆ ಎಂದು ಕೇಳಿದರೆ ಅಡುಗೆ ಮಾಡುವವರು ಥಟ್ಟನೆ ಹೇಳಲಾರರು. ಆದರೆ ಎಣ್ಣೆ ಕಾದೊಡನೆ ಕೈ ತಾನಾಗಿಯೇ ಆ ಡಬ್ಬಿಯತ್ತ ಹೋಗುತ್ತದೆ. ಯಾರೋ ರಾತ್ರೋರಾತ್ರಿ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಟ್ಟರೆ ಏನಾದೀತು? ಒಗ್ಗರಣೆ ಸೀದುಹೋಗುತ್ತದೆ!

ಕಂಪ್ಯೂಟರಿನ ಪರದೆಯ ಮೇಲೆ ಈ ಅದಲುಬದಲು ಹಲವು ಸಲ ನಡೆದಿದೆ. ಶಾಲೆಯ ಲ್ಯಾಬಿನಲ್ಲಿ ಹಳೆಯ ವಿಂಡೋಸ್, ಮನೆಗೆ ತಂದ ಲ್ಯಾಪ್‌ಟಾಪಿನಲ್ಲಿ ಹೊಸದು. ‘ಎಡ ಮೂಲೆಯ ಬಟನ್ ಒತ್ತಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಹುಡುಗಿ ಮನೆಗೆ ಬಂದು ಮೂಲೆಯಲ್ಲಿ ಹುಡುಕುತ್ತಾಳೆ. ಬಟನ್ ಅಲ್ಲಿಲ್ಲ. ‘ಇಷ್ಟು ದಿನ ಕಲಿತದ್ದು ಇದೇನಾ?’ ಎಂದು ತಂದೆ ಗದರುತ್ತಾರೆ. ತಪ್ಪು ಯಾರದು?

ಸ್ವಲ್ಪ ಹಿಂದಕ್ಕೆ ಹೋಗೋಣ. 1995ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 95 ಮಾರುಕಟ್ಟೆಗೆ ಬಂತು. ಅದಕ್ಕೂ ಮುನ್ನ ಇದ್ದ ವಿಂಡೋಸ್ 3.1ರಲ್ಲಿ ಹೊಸಬರಿಗೆ ಕೆಲಸ ಎಲ್ಲಿಂದ ಆರಂಭಿಸಬೇಕೆಂಬುದೇ ಒಗಟಾಗಿತ್ತು. ಅನೇಕರಿಗೆ ಮೌಸನ್ನು ಎರಡು ಸಲ ಒತ್ತುವುದೂ ಕಷ್ಟವಾಗುತ್ತಿತ್ತು. ಬಳಕೆದಾರರನ್ನು ಕೂರಿಸಿ ಪರೀಕ್ಷಿಸಿದ ಮೇಲೆ ಪರದೆಯ ಎಡ ಕೆಳಮೂಲೆಯಲ್ಲಿ ‘ಸ್ಟಾರ್ಟ್’ ಎಂದು ಬರೆದ ಗುಂಡಿಯನ್ನು ಇಟ್ಟರು. ಒಂದೇ ಸಲ ಒತ್ತಿದರೆ ಸಾಕು, ಎಲ್ಲ ಪ್ರೋಗ್ರಾಮುಗಳಿಗೂ ದಾರಿ ತೆರೆಯುತ್ತಿತ್ತು.

ಮೂಲೆಗೂ ಒಂದು ಮಹಿಮೆಯಿದೆ. ಗುರಿ ದೊಡ್ಡದಾಗಿ, ಹತ್ತಿರವಾಗಿ ಇದ್ದಷ್ಟೂ ಕೈ ಬೇಗ ತಲುಪುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿಕೊಟ್ಟರು. ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣದ ಗುರುತು ಮೂಲೆ ದಾಟಿ ಹೋಗಲಾರದು, ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕಣ್ಣುಮುಚ್ಚಿಯೂ ತಲುಪಬಹುದಾದ ಜಾಗ ಅದು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಮೆನು ಎರಡು ಸಾಲಾಯಿತು. ಇಷ್ಟವಾಗದವರು ಹಳೆಯದಕ್ಕೇ ಮರಳುವ ಅವಕಾಶವೂ ಇತ್ತು. 2009ರ ವಿಂಡೋಸ್ 7ರಲ್ಲಿ ಆ ಅವಕಾಶ ಹೋಯಿತು. 2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8 ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿತು! ಮೆನುವಿನ ಜಾಗದಲ್ಲಿ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಬೆರಳಿನಿಂದ ಮುಟ್ಟಿ ನಡೆಸುವ ಟ್ಯಾಬ್ಲೆಟ್ಟುಗಳ ಕಾಲ ಬಂತೆಂಬುದು ಕಂಪನಿಯ ಲೆಕ್ಕಾಚಾರ. ಆದರೆ ಮೇಜಿನ ಮುಂದೆ ಮೌಸ್ ಹಿಡಿದು ಕುಳಿತವರಿಗೆ ಕಂಪ್ಯೂಟರನ್ನು ಆರಿಸುವುದು ಹೇಗೆಂದೇ ತಿಳಿಯಲಿಲ್ಲ. ದೂರು ಹೆಚ್ಚಿದಾಗ 2013ರಲ್ಲಿ ಬಟನ್ ಮರಳಿತು, 2015ರಲ್ಲಿ ವಿಂಡೋಸ್ 10ರೊಂದಿಗೆ ಮೆನುವೂ ಮರಳಿತು. ಗೊಣಗಿದವರು ಸೋಮಾರಿಗಳಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಲಿನಕ್ಸ್ ಬಳಸುವವರಿಗೂ ಈ ಪಾಡು ತಪ್ಪಲಿಲ್ಲ. 2011ರಲ್ಲಿ ಗ್ನೋಮ್ 3 ಹಳೆಯ ಮೆನುಗಳನ್ನು ಕೈಬಿಟ್ಟಿತು. ಅಲ್ಲಿ ಮೂಲ ಸಂಕೇತ ಎಲ್ಲರಿಗೂ ಮುಕ್ತವಾದ್ದರಿಂದ ಬೇಸತ್ತವರು ಹಳೆಯದನ್ನೇ ‘ಮಾಟೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು.

2021ರ ವಿಂಡೋಸ್ 11ರಲ್ಲಿ ಬಟನ್ ಮತ್ತೆ ಜಾಗ ಬದಲಿಸಿತು. ಈಗ ಅದು ಚಿತ್ರಗಳ ಸಾಲಿನೊಂದಿಗೆ ಪಟ್ಟಿಯ ನಡುವೆ ಕುಳಿತಿದೆ. ಹೊಸ ಪ್ರೋಗ್ರಾಮ್ ತೆರೆದು ಸಾಲಿಗೆ ಇನ್ನೊಂದು ಚಿತ್ರ ಸೇರಿದರೆ ಬಟನ್ ಕೊಂಚ ಎಡಕ್ಕೆ ಸರಿಯುತ್ತದೆ. ಹೀಗೆ ಓಡಾಡುವ ಗುರಿಗೆ ಕೈ ಪಳಗುವುದು ಹೇಗೆ?

ದಿನವಿಡೀ ಕಂಪ್ಯೂಟರಿನ ಮುಂದಿರುವವರು ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ವಾರಕ್ಕೆ ಒಂದು ಗಂಟೆ ಲ್ಯಾಬ್ ಸಿಗುವ ಮಕ್ಕಳ ಗತಿ ಬೇರೆ. ಆ ಒಂದು ಗಂಟೆಯಲ್ಲಿ ಕಾಲು ಗಂಟೆ ಹುಡುಕಾಟಕ್ಕೇ ಹೋದರೆ ಉಳಿಯುವುದೆಷ್ಟು? ಪ್ರಾಯೋಗಿಕ ಪರೀಕ್ಷೆಯ ದಿನ ಹೀಗಾದರೆ ಗಾಬರಿಯಲ್ಲಿ ಗೊತ್ತಿದ್ದದ್ದೂ ಮರೆಯುತ್ತದೆ.

ವಿದ್ಯಾರ್ಥಿಗಳೇ, ಜಾಗವನ್ನು ಉರು ಹೊಡೆಯಬೇಡಿ, ಪ್ರೋಗ್ರಾಮಿನ ಹೆಸರು ಕಲಿಯಿರಿ. ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಒತ್ತಿ ಹೆಸರು ಟೈಪ್ ಮಾಡಿದರೆ ಮೆನು ಹೇಗೇ ಇರಲಿ, ಪ್ರೋಗ್ರಾಮ್ ಎದುರಿಗೆ ಬರುತ್ತದೆ. ವಿಂಡೋಸ್ 7ರಲ್ಲೂ 11ರಲ್ಲೂ ಗ್ನೋಮ್‌ನಲ್ಲೂ ಇದು ನಡೆಯುತ್ತದೆ. ಅದೇ ಕೀಲಿಯೊಂದಿಗೆ ‘ಆರ್’ ಒತ್ತಿದರೆ ತೆರೆಯುವ ‘ರನ್’ ಪೆಟ್ಟಿಗೆಯಂತೂ 1995ರಿಂದ ಹಾಗೆಯೇ ಇದೆ. ಮೂಲೆಯೇ ಬೇಕೆನ್ನುವವರು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಟಾಸ್ಕ್‌ಬಾರ್ ಭಾಗಕ್ಕೆ ಹೋಗಿ ಚಿತ್ರಗಳ ಸಾಲನ್ನು ಎಡಕ್ಕೆ ಸರಿಸಿಕೊಳ್ಳಬಹುದು.

ಪಾಲಕರಿಗೂ ಒಂದು ಮಾತು. ಮಗು ಪರದೆಯ ಮುಂದೆ ತಡವರಿಸಿದರೆ ಗದರುವ ಮುನ್ನ, ‘ಲ್ಯಾಬಿನಲ್ಲಿರುವುದು ಯಾವ ವಿಂಡೋಸ್?’ ಎಂದು ಕೇಳಿ. ಪರೀಕ್ಷೆಗೆ ಒಂದು ವಾರ ಮೊದಲೇ ಆ ಯಂತ್ರದ ಮುಂದೆ ಒಂದು ಸಲ ಕೂರಲು ಅವಕಾಶ ಸಿಗುವುದೇ ಎಂದು ಶಿಕ್ಷಕರನ್ನು ವಿಚಾರಿಸಿ.